ಹಣೆಗಿಡುವ ಕಾಸು

ನಾಣ್ಯ ಕೂಡಿಡುವ ಚಟ ನನಗೆ ಯಾಕೆ ಅಂಟಿತು ಎಂದು ಕೇಳಿದರೆ ಇವತ್ತಿಗೂ ನೆಟ್ಟಗೆ ಉತ್ತರ ಬರುವುದಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು ನಾನು, ಮನೆ ಚನ್ನಪಟ್ಟಣದಲ್ಲಿ. ಯಾವುದೋ ಸಂಸ್ಥೆಗೆ ನೂರು ವರ್ಷ ತುಂಬಿತೆಂದೋ, ಯಾರೋ ದೊಡ್ಡವರ ನೆನಪಿಗೆಂದೋ ಸರ್ಕಾರದ ಟಂಕಸಾಲೆಯವರು ಹೊಸ ನಾಣ್ಯ ಹೊರಡಿಸಿದರೆ ಸಾಕು, ಬುಕಿಂಗ್ ತೆರೆಯುವ ಹೊತ್ತಿಗೆ ಸರಿಯಾಗಿ ಮೊಬೈಲ್ ಹಿಡಿದು ಕೂರುತ್ತಿದ್ದೆ. ದುಡ್ಡು ಕಟ್ಟಿದ ಮೇಲೆ ಅದು ಬರುವುದು ಯಾವಾಗಲೋ. ತಿಂಗಳುಗಟ್ಟಲೆ ಕಾದು, ಕಟ್ಟಿದ್ದೇ ಮರೆತುಹೋದ ಮೇಲೆ ಪೋಸ್ಟ್‌ಮ್ಯಾನ್ ಬಾಗಿಲು ಬಡಿಯುತ್ತಿದ್ದ.

ಅಪ್ಪನಿಗೆ ಇದು ತಲೆಗೆ ಹತ್ತುತ್ತಿರಲಿಲ್ಲ. ಆಯುಷ್ಯವೆಲ್ಲ ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹೊತ್ತವರು ಅವರು. ನೂರು ರೂಪಾಯಿ ಎಂದು ಬರೆದಿರುವ ನಾಣ್ಯಕ್ಕೆ ಮಗ ಸಾವಿರಗಟ್ಟಲೆ ಕೊಟ್ಟಿದ್ದಾನೆ ಎಂದು ಗೊತ್ತಾದ ದಿನ, ಅದನ್ನು ಪ್ಲಾಸ್ಟಿಕ್ ಡಬ್ಬಿಯ ಸಮೇತ ತಿರುಗಿಸಿ ತಿರುಗಿಸಿ ನೋಡಿದರು.

"ಅಂಗಡಿಲಿ ಕೊಟ್ರೆ ತಗತಾರೇನ್ಲಾ?"

ತಗೊಳ್ಳುವುದಿಲ್ಲ ಎಂದೆ. ಹಾಗಾದರೆ ಮಾರುತ್ತೀಯಾ ಎಂದರು. ಮಾರುವುದಿಲ್ಲ ಎಂದೆ. ಬೆಳ್ಳಿಯಿದೆಯಲ್ಲ, ಕರಗಿಸಿ ನಿಮ್ಮವ್ವನಿಗೆ ಕಾಲುಂಗುರ ಮಾಡಿಸಬಹುದಾ ಎಂದರು. ಸೀಲು ಒಡೆದರೆ ಬೆಲೆಯೇ ಹೋಗುತ್ತದೆ, ಬರಿಗೈಯಲ್ಲಿ ಮುಟ್ಟಲೂಬಾರದು ಎಂದೆ. ಖರ್ಚು ಮಾಡದ, ಮಾರದ, ಮುಟ್ಟದ ದುಡ್ಡು ಯಾವ ಸೀಮೆಯ ದುಡ್ಡು ಎಂದು ಅವರು ಕೇಳಿದ್ದಕ್ಕೆ ಗಣಿತದ ಮೇಷ್ಟ್ರು ಡಬ್ಬಿ ಕಿತ್ತುಕೊಂಡು ಬೀರುವಿನಲ್ಲಿಟ್ಟರು. ಅಪ್ಪ ನಕ್ಕು ಎದ್ದು ಹೋದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಅಪ್ಪ ತೀರಿಕೊಂಡದ್ದು ಒಂದು ಬೆಳಿಗ್ಗೆ, ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ. ಹತ್ತು ಗಂಟೆಯೊಳಗೆ ನೆಂಟರಿಷ್ಟರು ಸೇರಿದರು. ಸ್ನಾನ ಮಾಡಿಸಿದ ಮೇಲೆ ಹಣೆಗೆ ಅರಿಶಿನ ಮೆತ್ತಿ, ಅದರ ಮೇಲೆ ಒಂದು ಕಾಸು ಅಂಟಿಸುವುದು ನಮ್ಮ ಮನೆಯ ಪದ್ಧತಿ. ಕಾಸು ಕೊಡಿ ಎಂದು ಚಿಕ್ಕಪ್ಪ ಕೈ ಚಾಚಿದರು. ಅಷ್ಟು ಜನರಲ್ಲಿ ಒಬ್ಬರ ಜೇಬಿನಲ್ಲೂ ಕಾಸಿಲ್ಲ. ಹಾಲಿನವನಿಗೂ ಹೂವಿನವಳಿಗೂ ಫೋನಿನಲ್ಲೇ ದುಡ್ಡು ಹಾಕುವ ಕಾಲ. ದೇವರ ಮುಂದಿನ ಹುಂಡಿಯನ್ನು ಹೋದ ತಿಂಗಳಷ್ಟೇ ಸಾವನದುರ್ಗಕ್ಕೆ ಹೋಗಿ ಸುರಿದು ಬಂದಿದ್ದೆವು. ಎಲ್ಲರೂ ಜೇಬು ತಡಕಿ, ಮೊಬೈಲು ಮುಟ್ಟಿ, ಬರಿಗೈ ಹೊರಗೆ ತೆಗೆದರು.

ಚಿಕ್ಕಪ್ಪ ನನ್ನ ಕಡೆ ತಿರುಗಿದರು. "ನಿನ್ ಬೀರು ತುಂಬ ಕಾಸೇ ಐತಲ್ಲ ಕಣ್ಲಾ. ಒಂದ್ ತತ್ತಾ."

ಅವು ಆ ಥರದ ಕಾಸಲ್ಲ ಎಂದೆ. ಹೆತ್ತ ಅಪ್ಪನ ಹೆಣದ ಮುಂದೆ ನಿಂತು ಈ ಮಾತು ಆಡಿದೆ. ಅಂಗಡಿಯಿಂದ ತರುತ್ತೇನೆಂದು ಚಪ್ಪಲಿಯೂ ಮೆಟ್ಟದೆ ಓಡಿದೆ. ಮೊದಲನೆಯ ಅಂಗಡಿಯಲ್ಲಿ ಚಿಲ್ಲರೆ ಇರಲಿಲ್ಲ. ಎರಡನೆಯದರಲ್ಲಿ ಅಂಗಡಿಯಾಕೆ ಗಲ್ಲಾಪೆಟ್ಟಿಗೆಯ ಮೂಲೆಯೆಲ್ಲ ಕೆದಕಿ ಸವೆದ ಎರಡು ರೂಪಾಯಿಯೊಂದನ್ನು ಹುಡುಕಿ ಕೊಟ್ಟಳು.

ನಾನು ಮನೆಗೆ ಬರುವಷ್ಟರಲ್ಲಿ ಅಪ್ಪನ ಹಣೆಯ ಮೇಲೆ ಕಾಸು ಇತ್ತು. ಅವ್ವ ಬೀರು ತೆಗೆದು, ಕತ್ತರಿಯಿಂದ ಡಬ್ಬಿ ಒಡೆದು, ಇದ್ದದ್ದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಕೊಟ್ಟಿದ್ದಳು. ಅದು ಅರ್ಧ ಹಣೆ ಮುಚ್ಚಿತ್ತು. ಭಾರಕ್ಕೆ ಜಾರದಿರಲೆಂದು ಅರಿಶಿನವನ್ನು ದಪ್ಪಗೆ ಮೆತ್ತಿದ್ದರು.

"ಹೊಸ್ದು ಕಣಪ್ಪ," ಎಂದಳು ಅವ್ವ. "ನಿಮ್ಮಪ್ಪನ್ ಹಣೆಗೆ ಒಪ್ತದೆ."

ನಿಜ ಹೇಳಬೇಕೆಂದರೆ ನಾನು ನೋಡಿದ್ದು ಅಪ್ಪನ ಮುಖವನ್ನಲ್ಲ. ಅದು ಯಾವ ನಾಣ್ಯ ಎಂದು ನೋಡಿದೆ. ಮತ್ತೆ ಸಿಗುವಂಥದ್ದಲ್ಲ ಎಂದು ತಿಳಿದೊಡನೆ ಅಳು ಬಂತು. ಅಲ್ಲಿಯವರೆಗೆ ಅತ್ತಿರಲಿಲ್ಲ. ಅಪ್ಪನಿಗಾಗಿ ಅಳುತ್ತಿದ್ದಾನೆ ಎಂದುಕೊಂಡು ಇಬ್ಬರು ನನ್ನನ್ನು ಹಿಡಿದುಕೊಂಡರು. ಅಪ್ಪನಿಗಾಗಿಯೇ ಅಳುತ್ತಿದ್ದೆನೇನೋ, ಯಾರಿಗೆ ಗೊತ್ತು. ಎರಡು ರೂಪಾಯಿ ಕೈಯಲ್ಲೇ ಇತ್ತು. ಬದಲಿಸಿ ಎಂದರೆ ಬಂದವರು ಏನೆಂದುಕೊಂಡಾರು? ಸುಮ್ಮನಿದ್ದರೆ ನಾನು ಒಪ್ಪಿದಂತಾಯಿತೇ? ಅಷ್ಟರಲ್ಲಿ ಎತ್ತಿಬಿಟ್ಟರು.

ವಿರೂಪಾಕ್ಷಿಪುರದ ಹತ್ತಿರ ನಮ್ಮ ಹೊಲದಲ್ಲಿ, ಹಿಪ್ಪುನೇರಳೆ ಸಾಲಿನ ಪಕ್ಕ ಗುಂಡಿ ತೆಗೆದಿದ್ದರು. ಕಾಸನ್ನು ಕೆಲವರು ಹಾಗೇ ಬಿಡುತ್ತಾರೆ, ಕೆಲವರು ತೆಗೆದು ಮನೆಯಲ್ಲಿಟ್ಟುಕೊಳ್ಳುತ್ತಾರೆ. ಅದು ಹಿರಿಯ ಮಗನಿಗೆ ಬಿಟ್ಟದ್ದು. ಇಳಿಸುವ ಮುಂಚೆ ಚಿಕ್ಕಪ್ಪ ಅಪ್ಪನ ಹಣೆಯ ಮೇಲೆ ಕೈಯಿಟ್ಟು ನನ್ನನ್ನು ನೋಡಿದರು.

"ಬುಡಾದಾ, ತಗಿಯಾದಾ?"

ಬಿಡಿ ಅನ್ನಬೇಕಿತ್ತು. ಅನ್ನಬೇಕು ಎಂದುಕೊಂಡೇ ನಿಂತಿದ್ದೆ, ನಾಲಿಗೆ ಏಳಲಿಲ್ಲ. ಚಿಕ್ಕಪ್ಪ ಸ್ವಲ್ಪ ಹೊತ್ತು ಕಾದು, ನಾಣ್ಯವನ್ನು ಕಿತ್ತು ನನ್ನ ಅಂಗೈಗಿಟ್ಟರು. ಹಣೆಯ ಅರಿಶಿನದಲ್ಲಿ ದುಂಡನೆಯ ಗುರುತು ಉಳಿಯಿತು. ಎಲ್ಲರಿಗಿಂತ ಮೊದಲು ನಾನು ಮೂರು ಹಿಡಿ ಮಣ್ಣು ಹಾಕಬೇಕಿತ್ತು. ನಾಣ್ಯವನ್ನು ಜೇಬಿಗಿಳಿಸಿ ಹಾಕಿದೆ. ಒಂದೊಂದು ಹಿಡಿ ಹಾಕಿದ ಮೇಲೂ, ಜೇಬಿನಲ್ಲಿ ಅದು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ.