ಒಂದೇ ಫೋನಿನ ಎರಡು ಕೂಸುಗಳು

ಆ ತಿಂಗಳು ನನ್ನ ಕಂಪ್ಯೂಟರಿನಲ್ಲಿ ಎಲ್ಲವೂ ಹಸಿರಾಗಿತ್ತು. ಕೆಲವು ಕೂಸುಗಳು ಮಾತ್ರ ಬರುತ್ತಿರಲಿಲ್ಲ.

ಆಳಂದದ ನಮ್ಮ ಮನೆಯ ಪಡಸಾಲೆಯಲ್ಲೇ ಕುಳಿತು ನಾನು ಒಂದು ಸಣ್ಣ ಸಂಸ್ಥೆಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಕೆಲವು ಹಳ್ಳಿಗಳಲ್ಲಿ ಲಸಿಕೆಯ ಹಿಂದಿನ ದಿನ ಮನೆಗಳಿಗೆ ತಾನಾಗಿಯೇ ಫೋನ್ ಹೋಗಬೇಕು, ಯಂತ್ರದ ಹೆಣ್ಣುದನಿಯೊಂದು ತಾಯಿಯ ಹೆಸರು ಹಿಡಿದು ಕರೆದು, ನಾಳೆ ಕೂಸನ್ನು ಅಂಗನವಾಡಿಗೆ ಕರೆತನ್ನಿ ಎಂದು ಹೇಳಬೇಕು. ಅಷ್ಟೇ ಕೆಲಸ. ಹೋದ ಫೋನುಗಳಲ್ಲಿ ಎಷ್ಟನ್ನು ಎತ್ತಿದರು ಎಂದು ತೋರಿಸುವ ಒಂದು ಪರದೆಯನ್ನೂ ಮಾಡಿಟ್ಟಿದ್ದೆ. ಎಲ್ಲಾ ಸರಿಯಿದ್ದರೆ ಹಸಿರು, ಎಡವಟ್ಟಾದರೆ ಕೆಂಪು.

ಅಂದೋಲಾದ ಆಚೆಗಿನ ಒಂದು ಹಳ್ಳಿಯ ಆಶಾ ಕಾರ್ಯಕರ್ತೆ ಒಂದು ದಿನ ಫೋನ್ ಮಾಡಿದರು. ಬಿಸಿಲಲ್ಲಿ ಮನೆಮನೆ ಸುತ್ತಿ ದಣಿದ ದನಿ.

"ಮೇಡಂ, ನಿಮ್ಮ ಫೋನ್ ಎಲ್ಲರಿಗೂ ಹೋಗವಲ್ದ್ರಿ. ಇವತ್ತೂ ಮೂರು ಕೂಸು ಬಂದಿಲ್ಲ."

ನಾನು ಪರದೆ ನೋಡಿದೆ. "ಹೋಗ್ಯಾದ ಅಕ್ಕಾ. ನಿಮ್ಮೂರಿಗೆ ಹೋದ ಫೋನ್ ಎಲ್ಲಾ ಎತ್ಯಾರ. ಇಲ್ಲಿ ಕಾಣಾಕತ್ತದ."

"ಎತ್ತಿರಬೇಕ್ರಿ. ಖರೇ ಕೂಸು ಬಂದಿಲ್ಲಲ್ರಿ?"

ಅವರು ಹೇಳಿದ್ದೂ ನಿಜ, ನಾನು ನೋಡಿದ್ದೂ ನಿಜ. ಎರಡೂ ಹೇಗೆ ನಿಜವಾಗುತ್ತವೆ ಎಂಬುದು ನನಗೆ ಹೊಳೆಯಲಿಲ್ಲ. ಮತ್ತೆ ಟೆಸ್ಟುಗಳನ್ನು ಓಡಿಸಿದೆ. ಟೆಸ್ಟ್ ಎಂದರೆ, ಬರೆದ ಪ್ರೋಗ್ರಾಂ ಸರಿಯಿದೆಯೇ ಎಂದು ನೋಡಲು ಬರೆಯುವ ಇನ್ನೊಂದು ಪ್ರೋಗ್ರಾಂ. ಅದರಲ್ಲಿ ನಾನು ಹುಟ್ಟಿಸಿದ ತಾಯಂದಿರಿದ್ದರು, ಕೂಸುಗಳಿದ್ದವು. ಎಲ್ಲರಿಗೂ ತಪ್ಪದೆ ಫೋನ್ ಹೋಯಿತು. ಸಂಸ್ಥೆಯ ಹಿರಿಯರನ್ನು ಕೇಳಿದೆ. "ಟೆಸ್ಟ್ ಎಲ್ಲಾ ಪಾಸ್ ಆಗ್ಯಾವಲ್ಲ, ಮತ್ತ್ಯಾಕ ತಲಿ ಕೆಡಿಸ್ಕೊಳ್ಳಾಕತ್ತೀರಿ? ನೆಟ್‌ವರ್ಕ್ ಇರಬೇಕು" ಅಂದರು. ನೆಟ್‌ವರ್ಕ್ ಇಲ್ಲದಿದ್ದರೆ ಫೋನ್ ಎತ್ತುವುದು ಹೇಗೆ? ಆ ಅಕ್ಕನೇ ಲೆಕ್ಕ ತಪ್ಪುತ್ತಿದ್ದಾರೆಯೇ ಎಂಬ ಅನುಮಾನವೂ ನನಗೆ ಬಂದಿತ್ತು. ಅದನ್ನು ನೆನೆದರೆ ಈಗಲೂ ಮುಜುಗರವಾಗುತ್ತದೆ.

ಮುಂದಿನ ವಾರವೂ ಹಾಗೇ ಆಯಿತು. ಕಲಬುರಗಿಯಲ್ಲಿ ಬಸ್ಸು ಬದಲಿಸಿ ಜೇವರ್ಗಿಗೆ ಹೋಗಿ, ಅಲ್ಲಿಂದ ಟಂಟಂ ಆಟೊದಲ್ಲಿ ಆ ಹಳ್ಳಿಗೆ ಹೋದೆ. ಅಕ್ಕ ನನ್ನನ್ನು ಕೂಸು ಬಾರದ ಮನೆಯೊಂದಕ್ಕೆ ಕರೆದೊಯ್ದರು. ಅಂಗಳದಲ್ಲಿ ಮನೆಯ ಹಿರಿಯಾಕೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಅವರ ಪಕ್ಕದಲ್ಲಿ ಒಂದು ಹಳೆಯ ಬಟನ್ ಫೋನು.

"ಫೋನ್ ಬಂದಿತ್ತೇನ್ರಿ ಅಮ್ಮಾ?" ಎಂದು ಕೇಳಿದೆ.

"ಬಂದಿತ್ತವ್ವಾ. ಪಾಪ, ಭಾಳ ಛಂದ ಮಾತಾಡ್ತಾಳ ಆಕಿ. ಹಿರಿ ಸೊಸಿ ಹೆಸರು ಹೇಳಿದ್ಲು. ಹಿರಿ ಸೊಸಿ ಕೂಸಿಗೆ ಸೂಜಿ ಹಾಕಿಸ್ಕೊಂಡು ಬಂದ್ವಿ."

"ಮತ್ತ ಸಣ್ಣ ಸೊಸಿ ಕೂಸು?"

"ಆಕೀ ಹೆಸರು ಹೇಳಲೇ ಇಲ್ಲಲ್ಲಬೇ. ಸಣ್ಣಾಕೀದು ನಿಮ್ಮ ಲಿಸ್ಟಿನಾಗ ತೆಗದಾರೇನೋ ಅಂತ ಸುಮ್ಮಾದೆ."

ಬಾಗಿಲಲ್ಲಿ ಸಣ್ಣ ಸೊಸೆ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಕೂಸು ನನ್ನ ಕೊರಳ ಗುರುತಿನ ಕಾರ್ಡಿಗೆ ಕೈ ಚಾಚಿತು.

"ಮನ್ಯಾಗ ಎಷ್ಟು ಫೋನ್ ಅವಾರಿ?"

"ಗಂಡಸರವು ಅವರ ಕಿಸೆದಾಗ ಇರ್ತಾವ. ನಮಗೆಲ್ಲಾ ಇದೊಂದೇ."

ಆಗ ನೆನಪಾಯಿತು. ಒಂದೇ ನಂಬರಿಗೆ ಒಂದೇ ದಿನ ಎರಡು ಸಲ ಫೋನ್ ಹೋಗಿ ಜನಕ್ಕೆ ಬೇಸರವಾಗಬಾರದು ಎಂದು, ಪಟ್ಟಿಯಲ್ಲಿ ಎರಡನೇ ಸಲ ಬಂದ ನಂಬರನ್ನು ಹೊಡೆದುಹಾಕುವ ಒಂದು ಸಾಲು ಬರೆದಿದ್ದೆ. ಒಳ್ಳೆಯ ಬುದ್ಧಿ ಎಂದೇ ಅಂದುಕೊಂಡಿದ್ದೆ. ನಂಬರಿನ ಜೊತೆ ಕೂಸೂ ಹೋಗುತ್ತಿತ್ತು. ಪರದೆಯಾದರೂ ಹೋದ ಫೋನುಗಳನ್ನಷ್ಟೇ ಎಣಿಸುತ್ತಿತ್ತು. ಪಟ್ಟಿಯಿಂದಲೇ ಬಿದ್ದುಹೋದ ಕೂಸಿನ ಸುದ್ದಿ ಅದಕ್ಕೆ ಹೇಗೆ ಗೊತ್ತಾಗಬೇಕು? ಟೆಸ್ಟಿನಲ್ಲಿ ನಾನು ಹುಟ್ಟಿಸಿದ ತಾಯಂದಿರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಫೋನ್ ಕೊಟ್ಟಿದ್ದೆ. ನಮ್ಮ ಮನೆಯಲ್ಲೇ ನನ್ನ ಅವ್ವನೂ ಕಾಕಿಯೂ ಎಷ್ಟೋ ವರ್ಷ ಒಂದೇ ಫೋನ್ ಹಂಚಿಕೊಂಡಿದ್ದರು. ಅದು ಆಗ ನನಗೆ ಯಾಕೆ ನೆನಪಾಗಲಿಲ್ಲ, ಗೊತ್ತಿಲ್ಲ.

"ತಪ್ಪು ನಂದೇ ಅಮ್ಮಾ," ಅಂದೆ. "ಸಣ್ಣಾಕೀದು ಯಾರೂ ತೆಗದಿಲ್ಲ."

ಹಿರಿಯಾಕೆ ಮೊರ ಕೆಳಗಿಟ್ಟು ನನ್ನನ್ನೇ ನೋಡಿದರು. "ಫೋನಿನಾಗ ಮಾತಾಡಾಕಿ ನೀನೇ ಏನು?"

ಅಲ್ಲ ಎಂದು ವಿವರಿಸಲು ಹೋಗಿ ಅರ್ಧಕ್ಕೇ ಬಿಟ್ಟೆ. ಅಕ್ಕ ನಗುತ್ತಾ, "ಮುಂದಿನ ವಾರ ಮತ್ತ ಲಸಿಕಿ ಅದರಿ, ಆ ಕೂಸಿಗೂ ಹಾಕಿಸ್ತೀನಿ" ಎಂದರು. ಹಾಕಿಸಿದರು ಕೂಡ. ಕೂಸು ಬಾರದ ಉಳಿದ ಮನೆಗಳಲ್ಲೂ ಇದೇ ಕಥೆಯಿತ್ತು.

ಆಳಂದಕ್ಕೆ ಮರಳಿ ಮೊದಲು ಟೆಸ್ಟ್ ಬರೆದೆ: ಒಂದು ಫೋನು, ಇಬ್ಬರು ಸೊಸೆಯರು, ಎರಡು ಕೂಸು. ಓಡಿಸಿದ ಕೂಡಲೇ ಕೆಂಪಾಯಿತು; ತಪ್ಪು ಕೊನೆಗೂ ಸಿಕ್ಕಿಬಿದ್ದಿತ್ತು. ಕೆಂಪು ಕಂಡು ಅಷ್ಟು ಸಮಾಧಾನವಾದದ್ದು ನನಗೆ ಅದೇ ಮೊದಲು. ಆಮೇಲೆ ಆ ಸಾಲನ್ನು ತಿದ್ದಿ, ಒಂದೇ ಫೋನಿನಲ್ಲಿ ಇಬ್ಬರು ತಾಯಂದಿರ ಹೆಸರೂ ಬರುವಂತೆ ಮಾಡಿದೆ. ಪರದೆಗೂ ಹೊಸ ಲೆಕ್ಕ ಕಲಿಸಿದೆ. ಇನ್ನು ಮೇಲೆ ಅದು ಮೂಲ ಪಟ್ಟಿಯಲ್ಲಿರುವ ಕೂಸುಗಳ ಎಣಿಕೆಯನ್ನು ಲಸಿಕೆ ಹಾಕಿಸಿಕೊಂಡವರ ಎಣಿಕೆಗೆ ಹೋಲಿಸಬೇಕು. ಎರಡೂ ತಾಳೆಯಾಗದಿದ್ದರೆ ನನಗೆ ತಿಳಿಸಬೇಕು.

ತಿಳಿಸಿತು. ಈ ಸಲ ಘತ್ತರಗಿ ಕಡೆಯ ಒಂದು ಊರಿನಲ್ಲಿ ಒಂದು ಕೂಸು ಕಡಿಮೆ. ಮತ್ತೆ ನನ್ನದೇ ತಪ್ಪು ಎಂದು ಎರಡು ದಿನ ಕೋಡ್ ಕೆದಕಿದೆ. ಏನೂ ಸಿಗದೆ ಅಲ್ಲಿಯ ಕಾರ್ಯಕರ್ತೆಗೆ ಫೋನ್ ಮಾಡಿದೆ.

"ಆ ಕೂಸು ತವರಮನ್ಯಾಗ ಅದರಿ, ಅಫಜಲಪುರದಾಗ. ಅಲ್ಲೇ ಸೂಜಿ ಆಗ್ಯಾದ. ಅಲ್ಲೂ ಬರಸ್ಯಾರ, ಇಲ್ಲೂ ಬರಸ್ಯಾರ."

"ಮತ್ತ ಇಲ್ಲಿ ಹೆಸರು ತೆಗೀಲೇನ್ರಿ?"

"ತೆಗೀಬ್ಯಾಡ್ರಿ ಮೇಡಂ, ಯುಗಾದಿಗೆ ಅದರವ್ವ ಗಂಡನ ಮನಿಗೆ ಬರ್ತಾಳ. ಬರ್ತಾಳೋ ಇಲ್ಲೋ, ಅದೂ ಖಾತ್ರಿ ಇಲ್ಲ."

ಮೊದಲು ಎರಡು ಕೂಸನ್ನು ಒಂದು ಮಾಡಿದ್ದೆ. ಈಗ ಒಂದು ಕೂಸು ಎರಡಾಗಿತ್ತು. ಇದಕ್ಕೆ ಯಾವ ಟೆಸ್ಟ್ ಬರೆಯುವುದು? ಯಾವುದು ಸರಿ ಉತ್ತರ ಎಂದು ಗೊತ್ತಿದ್ದರೆ ತಾನೇ ಟೆಸ್ಟ್ ಬರೆಯುವುದು? ಕೊನೆಗೆ ಆ ಹೆಸರಿನ ಮುಂದೆ "ಫೋನ್ ಮಾಡಿ ಕೇಳಬೇಕು" ಎಂದು ಬರೆದಿಟ್ಟೆ. ಅಂದಿನಿಂದ ಪ್ರತಿ ತಿಂಗಳೂ ಕೇಳುತ್ತೇನೆ. ಒಮ್ಮೆ ಇಲ್ಲಿ ಎನ್ನುತ್ತಾರೆ, ಒಮ್ಮೆ ಅಲ್ಲಿ ಎನ್ನುತ್ತಾರೆ. ಎಲ್ಲಿದ್ದರೂ ಕೂಸಿಗೆ ಸೂಜಿ ಮಾತ್ರ ತಪ್ಪಿಲ್ಲವಂತೆ.