ಕಡೆಗದ್ದೆಗೆ ಹೋದ ಬೀಗದ ಕೈ

ನಮ್ಮ ಗದ್ದೆಯ ತೂಬಿಗೊಂದು ಬೀಗವಿದೆ. ಅದರ ಬೀಗದ ಕೈ ಮಾತ್ರ ನಮ್ಮ ಮನೆಯಲ್ಲಿಲ್ಲ. ಅದು ಪುಟ್ಟತಾಯಮ್ಮನವರ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ನಗಬೇಡಿ, ಇದು ಪೆದ್ದುತನವಲ್ಲ, ನಮ್ಮಪ್ಪನ ರಾಜ್ಯಭಾರ.

ಪಾಂಡವಪುರದ ಕಡೆಯ ನಮ್ಮೂರಲ್ಲಿ ಕಾಲುವೆಯ ನೀರು ಮೊದಲು ಕಾಣುವುದು ನಮ್ಮ ಗದ್ದೆಯನ್ನು, ಕೊನೆಗೆ ಮುಟ್ಟುವುದು ಪುಟ್ಟತಾಯಮ್ಮನವರದನ್ನು. ನೀರು ಎಲ್ಲರ ಸೊತ್ತು, ಅದಕ್ಕೆ ಬೀಗ ಹಾಕುವವನು ಪಾಳೆಗಾರ ಎಂಬುದು ಅಪ್ಪನ ಸಿದ್ಧಾಂತ. ಹೆಗಲಿಗೆ ಶಾಲು ಹೊದ್ದು ಅರಳಿಕಟ್ಟೆಯ ಮೇಲೆ ಅದನ್ನು ಅವರು ಎಷ್ಟು ಸೊಗಸಾಗಿ ಹೇಳುತ್ತಿದ್ದರೆಂದರೆ, ಕೇಳಿದವರೆಲ್ಲ ತಲೆದೂಗಿ, ನೆಟ್ಟಗೆ ಗದ್ದೆಗೆ ಹೋಗಿ ತಂತಮ್ಮ ತೂಬು ತೆರೆದುಕೊಳ್ಳುತ್ತಿದ್ದರು. ಎಲ್ಲರಿಗಿಂತ ಅಗಲವಾಗಿ ತೆರೆದಿರುತ್ತಿದ್ದುದು ನಮ್ಮದೇ.

ಒಂದು ಬೆಳಿಗ್ಗೆ ಪುಟ್ಟತಾಯಮ್ಮ ನಾಟಿಗೆಂದು ಬಿತ್ತಿದ್ದ ತಮ್ಮ ಒಟ್ಲಿನಿಂದ ಒಂದು ಹಿಡಿ ಹಳದಿಗಟ್ಟಿದ ಭತ್ತದ ಸಸಿ ಕಿತ್ತು ತಂದು ನಮ್ಮ ಜಗಲಿಯ ಮೇಲಿಟ್ಟರು.

"ನಿಮ್ ಭಾಸ್ಣ ಚೆಂದಾಗದೆ ಕಣಣ್ಣ. ನನ್ ಒಟ್ಲು ಒಣಗೋಯ್ತಾ ಅದಲ್ಲ, ಅದ್ಕೇನ್ ಏಳೀರಿ?"

ಅಪ್ಪ ಸಂಜೆಯೊಳಗೆ ಪೇಟೆಯಿಂದ ಬೀಗ ತಂದು ನಮ್ಮ ತೂಬಿನ ಹಲಗೆಗೇ ಹಾಕಿ, ಬೀಗದ ಕೈಯನ್ನು ಅವರಿಗೆ ಕೊಟ್ಟು ಬಂದರು. ಕಡೆಗದ್ದೆಗೆ ನೀರು ಮುಟ್ಟಿದ ಮೇಲೆಯೇ ನಮ್ಮದು ತೆರೆಯಬೇಕು. ಮೊದಲ ಗದ್ದೆಗೇ ಬೀಗ ಬಿದ್ದಾಗ, ನೀರನ್ನು ತಮ್ಮಲ್ಲೇ ಕಟ್ಟಿಕೊಳ್ಳಲು ನಡುವಿನವರಿಗೂ ನಾಚಿಕೆಯಾಯಿತು. ಆ ವರ್ಷ ಕಡೆಗದ್ದೆ ನಾಟಿಯಾಯಿತು.

"ಸಿದ್ಧಾಂತ ಏನಾಯ್ತ್ಲಾ?" ಎಂದು ಗೆಳೆಯರು ಅಣಕಿಸಿದಾಗ ಅಪ್ಪ, "ಅಂಗೇ ಅದೆ ಕಣ್ಲಾ. ಈಗ ಗದ್ದೆಗೂ ಇಳೀತು" ಎಂದರು.

ಅಂದಿನಿಂದ ದೊಡ್ಡ ದೊಡ್ಡ ಸುಧಾರಣೆಗಳ ಮಾತು ಬಂದಾಗಲೆಲ್ಲ ನಾನು ಬಾವುಟದ ಬಣ್ಣ ನೋಡುವುದನ್ನು ಬಿಟ್ಟಿದ್ದೇನೆ, ಗೆಳೆಯರೇ. ನ್ಯಾಯದ ಹಟವಿಲ್ಲದ ಸುಧಾರಣೆ ಉಳ್ಳವರ ತೂಬನ್ನೇ ಅಗಲಿಸೀತು. ಕಡೆಗದ್ದೆಯವರೆಗೆ ನಡೆದು ನೋಡದ ಸಿದ್ಧಾಂತ ಮಾಡುವುದೂ ಅದನ್ನೇ. ಬೀಗದ ಕೈ ಯಾರ ಮನೆಯಲ್ಲಿದೆ ಎಂದು ಕೇಳಿದರೆ ಸಾಕು, ಆಳುವವರ ಅರ್ಧ ಬಣ್ಣ ಬಯಲಾಗುತ್ತದೆ.

ಅಪ್ಪ ಈಗಿಲ್ಲ. ಈ ಸಲ ನಾಲೆಗೆ ತಡವಾಗಿ ನೀರು ಬಿಟ್ಟರು. ನಮ್ಮ ಒಟ್ಲೇ ಹಳದಿಗಟ್ಟತೊಡಗಿತ್ತು. ಜೀವ ತಡೆಯದೆ ಬೀಗದ ಕೈ ಕೇಳಲು ಹೋದೆ. ಪುಟ್ಟತಾಯಮ್ಮ ಮುದ್ದೆ ಕಟ್ಟುವ ಕೈಯನ್ನು ನಿಲ್ಲಿಸಲೂ ಇಲ್ಲ.

"ನನ್ ಗದ್ದೆಗಿನ್ನೂ ನೀರ್ ಮುಟ್ಟಿಲ್ಲ ಕಣಪ್ಪ. ‘ನಾನೇ ಬಂದ್ ಕೇಳಿದ್ರೂ ಕೊಡ್ಬೇಡ’ ಅಂದಿದ್ರು ನಿಮ್ಮಪ್ಪ."

ಹೆಮ್ಮೆಯೆಂದರೆ ಹೆಮ್ಮೆ ನನಗೆ. ಬರಿಗೈ ಬೀಸಿಕೊಂಡು ಹಿಂದಿರುಗುವಾಗ ನಮ್ಮ ತೂಬಿನ ಬಳಿ ನಿಂತು, ಬೀಗ ಭದ್ರವಾಗಿದೆಯೇ ಎಂದು ಒಮ್ಮೆ ಜಗ್ಗಿ ನೋಡಿ ಮನೆಗೆ ಬಂದೆ.