ಒಂದು ಬದಿಗೆ ಮಿಸರಿ, ಇನ್ನೊಂದು ಬದಿಗೆ ಬ್ರಶ್

ಮಕ್ಕಳೇ, ನನ್ನ ಬಾಯಿಯೊಳಗೆ ಏನಿದೆ ಎಂದು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಅರವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಕನ್ನಡಿಯಲ್ಲಿ ನೋಡಿಕೊಂಡಿದ್ದೆಂದರೆ ಬೈತಲೆ ನೆಟ್ಟಗಿದೆಯೇ, ಮುಖಕ್ಕೆ ಹಿಟ್ಟು ಹತ್ತಿದೆಯೇ ಎಂಬಷ್ಟು. ಬಾಯಿ ತೆರೆದುಕೊಂಡು ಕನ್ನಡಿಯ ಮುಂದೆ ನಿಂತರೆ ಯಾರಾದರೂ ನೋಡಿ ನಕ್ಕಾರು ಎಂಬ ಸಂಕೋಚ ನನಗೆ.

ಕೆಳಗಿನ ಸಾಲಿನ ನಟ್ಟನಡುವಿನ ಎರಡು ಹಲ್ಲು ಅಲುಗಾಡುತ್ತಿದ್ದವು. ನಾಲಿಗೆಯಿಂದ ಒತ್ತಿದರೆ ಮುಂದಕ್ಕೆ ಬಾಗುತ್ತಿದ್ದವು, ಬಿಟ್ಟರೆ ಹಿಂದಕ್ಕೆ ಬರುತ್ತಿದ್ದವು. ನೋವಿರಲಿಲ್ಲ, ಅದಕ್ಕೇ ಯಾರಿಗೂ ಹೇಳಿರಲಿಲ್ಲ. ನಾನು ಪೇರಲ ಹಣ್ಣನ್ನು ಕಡೆಹಲ್ಲಿನಿಂದ ಕಚ್ಚುವುದನ್ನು ಒಂದು ದಿನ ನಿಮ್ಮ ಅವ್ವ ಕಂಡಳು.

“ಅತ್ತಿ, ಮುಂದಿನ ಹಲ್ಲಿಗೆ ಏನಾಗೇತ್ರಿ?”

“ಏನಿಲ್ಲ ಬಿಡವ್ವ. ವಯಸ್ಸಾತು.”

“ವಯಸ್ಸಾದ್ರ ಬಾಯಿ ತೋರಸಬಾರದೇನ್ರಿ? ಆ ಮಾಡ್ರಿ.”

ಮೊಬೈಲಿನ ಬೆಳಕು ಹಿಡಿದು ಫೋಟೋ ತೆಗೆದು ನನ್ನ ಮುಂದೆ ಹಿಡಿದಳು. ಮೊದಲು ಅದು ನನ್ನ ಬಾಯಿ ಎಂದು ನಂಬಲಿಕ್ಕೇ ಆಗಲಿಲ್ಲ. ವಸಡು ಕಪ್ಪಗೆ, ಕೆಳಗೆ ಸರಿದಿತ್ತು. ಹಲ್ಲುಗಳು ಉದ್ದವಾಗಿ ಕಾಣುತ್ತಿದ್ದವು. ಅವುಗಳ ಬುಡಕ್ಕೆ ಬೋರ್ ನೀರು ಕಾಸುವ ಹಂಡೆಯ ಒಳಗೆ ಕಟ್ಟುತ್ತದಲ್ಲ, ಅಂಥದೇ ಒಂದು ಕಂದು ಪದರ ಕಟ್ಟಿತ್ತು. ನಾಚಿಕೆಯಾಯಿತು, ನಿಜ. ಆದರೂ ಫೋನು ಕೊಡು ಎಂದು ಇಸಿದುಕೊಂಡು ಮತ್ತೆ ಮತ್ತೆ ನೋಡಿದೆ. ಆ ಪದರ ಎಲ್ಲಿಂದ ಬಂತು? ಒಳಗೆ ಎಲ್ಲಿಯವರೆಗೆ ಇದೆ?

ಮಿಸರಿಯ ವಿಷಯ ನಿಮಗೆ ಹೇಳಬೇಕು. ತಂಬಾಕನ್ನು ಹಂಚಿನ ಮೇಲೆ ಕರ್ರಗಾಗುವವರೆಗೆ ಹುರಿದು, ಕೈಯಲ್ಲಿ ತಿಕ್ಕಿ ಪುಡಿ ಮಾಡಿ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು. ಮುಂಜಾನೆ ಎದ್ದು ತೋರುಬೆರಳಿನಿಂದ ಅದನ್ನು ಹಲ್ಲಿಗೆ, ವಸಡಿಗೆ ಹಚ್ಚಿ ತಿಕ್ಕುವುದು. ನಿಪ್ಪಾಣಿ ಹತ್ತಿರದ ಈ ನಮ್ಮ ಭೋಜ ಊರಿಗೆ ನಾನು ಸೊಸೆಯಾಗಿ ಬಂದಾಗ ನಮ್ಮ ಓಣಿಯ ಹೆಂಗಸರೆಲ್ಲ ಹೊತ್ತು ಹುಟ್ಟುವ ಹೊತ್ತಿಗೆ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಇದನ್ನೇ ಮಾಡುತ್ತಿದ್ದರು. ಹೊಲದಲ್ಲಿ ತಂಬಾಕು, ಮನೆಯಲ್ಲಿ ತಂಬಾಕು, ಬಾಯಲ್ಲಿ ತಂಬಾಕು. ನನಗೆ ಆ ಹೊತ್ತು ಹಿತವಾಗಿತ್ತು. ಬಾಯಲ್ಲಿ ಮಿಸರಿ ಇದ್ದರೆ ಯಾರೂ ಮಾತಾಡು ಎನ್ನುತ್ತಿರಲಿಲ್ಲ. ಸುಮ್ಮನೆ ಕುಳಿತು ಉಳಿದವರ ಮಾತು ಕೇಳಬಹುದಿತ್ತು. ನಿಮ್ಮ ಅಜ್ಜ ತೀರಿಕೊಂಡ ಮೇಲಂತೂ ಬೆಳಿಗ್ಗೆ ಒಂದು ಸಲ, ಊಟವಾದ ಮೇಲೆ ಒಂದು ಸಲ, ಬೇಸರವಾದರೆ ಇನ್ನೊಂದು ಸಲ.

ನಿಪ್ಪಾಣಿಯ ಹಲ್ಲಿನ ದವಾಖಾನೆಗೆ ನನ್ನ ಜೊತೆ ಬಂದವಳು ನನ್ನ ನೆಗೆಣ್ಣಿ, ಅಂದರೆ ನಿಮ್ಮ ಸಣ್ಣಜ್ಜಿ. ಅವಳ ಬಾಯಿಗೆ ಸಂಕೋಚ ಎಂಬುದೇ ಇಲ್ಲ. ಬಸ್ಸಿನಲ್ಲಿ ಕುಳಿತ ಕೂಡಲೇ ಶುರು ಮಾಡಿದಳು.

“ಅಕ್ಕಾ, ಹಲ್ಲ ತೊಳಸಬ್ಯಾಡ ಮತ್ತ. ತೊಳಿಸ್ಕೊಂಡವ್ರದೆಲ್ಲ ಸಡ್ಲ ಆಗ್ಯಾವ. ನಮ್ಮ ತೌರಮನಿ ಕಡೆ ಒಬ್ಬಾಕಿದು ಹಂಗ ಆತು.”

“ನಂದು ಆಗಲೇ ಸಡ್ಲ ಆಗ್ಯಾವಲ್ಲ ಬೇ.”

“ಅದಕ್ಕ ಅನ್ನೂದು, ಇದ್ದದ್ದನ್ನ ಕಳಕೋಬ್ಯಾಡ.”

ಡಾಕ್ಟರು ಇನ್ನೂ ಎಳೆಯ ಹುಡುಗಿ. ನಮಗಿಂತ ಮುಂಚಿನವರೊಂದಿಗೆ ಮರಾಠಿಯಲ್ಲಿ ಮಾತು ಮುಗಿಸಿ, ಅದೇ ಉಸಿರಿನಲ್ಲಿ ನನಗೆ “ಬರ್ರಿ ಆಯಿ, ಕುಂದರ್ರಿ” ಎಂದಳು. ತೆಳ್ಳನೆಯ ಒಂದು ಕಡ್ಡಿ ತೆಗೆದುಕೊಂಡಳು. ಅದರ ತುದಿಗೆ ಅಳತೆಯ ಕಪ್ಪು ಗೆರೆಗಳಿದ್ದವು. ಹಲ್ಲು ಮತ್ತು ವಸಡಿನ ನಡುವೆ ಅದನ್ನು ಮೆಲ್ಲಗೆ ಇಳಿಸುತ್ತ, ಪಕ್ಕದಲ್ಲಿ ಬರೆಯುತ್ತಿದ್ದ ನರ್ಸಿಗೆ “ಮೂರು, ಐದು, ಆರು” ಎಂದು ಹೇಳುತ್ತ ಹೋದಳು. ಒಂದೊಂದು ಕಡೆ ಕಡ್ಡಿ ಅಷ್ಟು ಆಳಕ್ಕೆ ಇಳಿಯುವುದು ನನಗೇ ಗೊತ್ತಾಗುತ್ತಿತ್ತು. ನನ್ನ ಹಲ್ಲಿನ ಪಕ್ಕದಲ್ಲಿ ಅಷ್ಟೊಂದು ಜಾಗವಿದೆ ಎಂದು ನನಗೆ ತಿಳಿದೇ ಇರಲಿಲ್ಲ.

ಎಕ್ಸ್‌ರೇಯನ್ನೂ ತೆಗೆದು ಮುಗಿದ ಮೇಲೆ, ಆ ಕಡ್ಡಿಯದು ಏನು ಅಳತೆ ಎಂದು ಕೇಳಿದೆ. ಕೇಳಿದ್ದು ನಾನೇ, ನೆಗೆಣ್ಣಿ ಅಲ್ಲ.

“ಹಲ್ಲಿಗೂ ವಸಡಿಗೂ ನಡು ಕಿಸೆ ಬಿದ್ದೈತ್ರಿ ಆಯಿ. ಮೂರು ಮಿಲಿಮೀಟರ್ ತನಕ ಇದ್ರ ಚಲೋ. ನಿಮ್ಮದು ಆಳ ಐತಿ. ಕಿಸೆ ಒಳಗ ಕಲ್ಲ ಕಟ್ಟೈತಿ. ಅದರಿಂದ ಕೆಳಗಿನ ಎಲುಬು ಸವದೈತಿ, ಹಿಂಗಾಗಿ ಹಲ್ಲು ಅಳ್ಳಾಡಾಕತ್ತಾವ.”

“ಎರಡೂ ಕೀಳತೀರೇನ್ರಿ?”

“ಈಗ ಹೇಳಾಕ ಬರೂದಿಲ್ಲ. ಮೊದಲ ಒಳಗಿನ ಕಲ್ಲ ತಗದು ಬೇರಿನತನಕ ಸ್ವಚ್ಛ ಮಾಡೂನು. ವಸಡು ತಿರಗಿ ಹಲ್ಲ ಹಿಡಕೊಂಡ್ರ ಉಳೀತಾವ. ಇಲ್ಲಂದ್ರ ಕೀಳಬೇಕ. ಆದ್ರ ಮಿಸರಿ ಬಿಡಬೇಕ್ರಿ.”

ನೆಗೆಣ್ಣಿ ಮುಂದೆ ಬಂದಳು. “ಡಾಕ್ಟರಬಾಯಿ, ಮಿಸರಿ ಹಚ್ಚಿದ್ದಕ್ಕ ಇಷ್ಟ ದಿನಾರ ನಿಂತಾವ್ರಿ ಅವು.”

“ಹೌದೇನ್ರಿ? ಹಂಗಾದ್ರ ನಿಮ್ಮದೂ ತೋರಸ್ರಿ, ಎಷ್ಟ ಗಟ್ಟಿ ಅದಾವ ನೋಡೂನು.”

ನೆಗೆಣ್ಣಿ ಎರಡು ಹೆಜ್ಜೆ ಹಿಂದೆ ಸರಿದಳು.

ಮೊದಲ ಸಲ ಎಡಭಾಗ ಮಾತ್ರ ಮಾಡಿದರು. ಸೂಜಿ ಚುಚ್ಚಿದ ಮೇಲೆ ತುಟಿ ನನ್ನದಲ್ಲ ಎನ್ನಿಸಿತು. ಚಿವುಟಿ ನೋಡಿದೆ, ಬೇರೆಯವರ ತುಟಿ ಚಿವುಟಿದಂತಿತ್ತು. ನೀರು ಚಿಮ್ಮುವ ಯಂತ್ರ ಚುಂಯ್ ಎಂದು ಸದ್ದು ಮಾಡಿತು. ಆಮೇಲೆ ಕೈಯಲ್ಲಿ ಸಣ್ಣ ಕೊಕ್ಕೆಯಂಥ ಸಲಕರಣೆ ಹಿಡಿದು ವಸಡಿನ ಒಳಗೆ ಕೆರೆಯತೊಡಗಿದಳು. ನೋವಿಲ್ಲ, ಆದರೆ ಸದ್ದು ತಲೆಯೊಳಗೇ ಕೇಳುತ್ತಿತ್ತು. ತಳ ಹತ್ತಿದ ಪಾತ್ರೆಯನ್ನು ಕೆರೆಯುವ ಸದ್ದು. ಕೆರೆಯುತ್ತ ಕೆರೆಯುತ್ತ ಅದು ನುಣುಪಾಗುತ್ತ ಹೋಗುವುದು ಕಿವಿಗೆ ಗೊತ್ತಾಗುತ್ತಿತ್ತು. ಒಂದು ಹಲ್ಲು ಮುಗಿಯಿತು ಎಂದು ಡಾಕ್ಟರು ಹೇಳುವ ಮೊದಲೇ ನನಗೆ ತಿಳಿಯುತ್ತಿತ್ತು.

ತೆಗೆದ ಕಲ್ಲನ್ನು ನೋಡಬೇಕು ಎಂದು ಸನ್ನೆ ಮಾಡಿದೆ. ಹತ್ತಿಯ ಮೇಲೆ ಇಟ್ಟು ತೋರಿಸಿದಳು. ಮೇಲಿನದು ಕಂದು, ವಸಡಿನ ಒಳಗಿನದು ಹೆಚ್ಚು ಕಪ್ಪು. ಉಗುರಿನಿಂದ ಒತ್ತಿದೆ, ಒಡೆಯಲಿಲ್ಲ.

ಮನೆಗೆ ಬಂದಮೇಲೆ ತುಟಿ ಮತ್ತೆ ನನ್ನದಾಯಿತು. ನಾಲಿಗೆ ಆಡಿಸಿದರೆ ಹಲ್ಲುಗಳ ನಡುವೆ ಸಂದುಗಳು. ತಣ್ಣೀರು ಜುಮ್ಮೆನ್ನುತ್ತಿತ್ತು. ಎಡಗಡೆಯ ಮುಂದಿನ ಹಲ್ಲು ಮೊದಲಿಗಿಂತ ಸಡಿಲವಾದಂತೆ ಅನ್ನಿಸಿತು. ಡಾಕ್ಟರು ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದಳು. ಸಂದಿನಲ್ಲಿ ತುಂಬಿದ್ದು ಕಲ್ಲು, ಹಲ್ಲಲ್ಲ ಎಂದು. ಆದರೆ ಮಿಸರಿ ಬಿಟ್ಟು ಬ್ರಶ್ ಹಚ್ಚಿದಾಗ ಎಡಗಡೆ ರಕ್ತ ಬಂತು. ಬಲಗಡೆ ಒಂದು ಹನಿ ಇಲ್ಲ.

ನೆಗೆಣ್ಣಿ ಬಗ್ಗಿ ನೋಡಿದಳು. “ನಾ ಏನ ಹೇಳಿದ್ನಿ? ಮುಟ್ಟಿದ ಕಡೆ ರಕ್ತ, ಮುಟ್ಟಲಾರದ ಕಡೆ ಸೊಗಸ ಐತಿ. ಒಂದಿಷ್ಟ ಮಿಸರಿ ಹಚ್ಚ, ನಿಂದರತೈತಿ.”

ಅವಳು ಹೇಳಿದ್ದು ಕಣ್ಣಿಗೆ ಕಾಣುವ ಹಾಗೇ ಇತ್ತು. ಡಾಕ್ಟರು ಹೇಳಿದ್ದು ಕಾಣದ ಜಾಗದ ಮಾತು. ಯಾರನ್ನು ನಂಬುವುದು? ಯೋಚಿಸಿ ಯೋಚಿಸಿ ನಮ್ಮ ಹೊಲದ ಪದ್ಧತಿಯನ್ನೇ ಹಿಡಿದೆ. ಹೊಸ ಬೀಜ ತಂದರೆ ನಾವು ಇಡೀ ಹೊಲಕ್ಕೆ ಹಾಕುವುದಿಲ್ಲ. ಒಂದು ಪಟ್ಟಿಗೆ ಹೊಸದು, ಪಕ್ಕದ ಪಟ್ಟಿಗೆ ಹಳೆಯದು. ಬೆಳೆ ಬಂದಮೇಲೆ ನೋಡುವುದು. ಹಾಗೆಯೇ ಎಡಕ್ಕೆ ಬ್ರಶ್, ಬಲಕ್ಕೆ ಮಿಸರಿ ಎಂದು ನಿಶ್ಚಯಿಸಿದೆ. ನಡುವಿನ ಎರಡು ಹಲ್ಲುಗಳಲ್ಲಿ ಒಂದು ಎಡಕ್ಕೆ, ಒಂದು ಬಲಕ್ಕೆ. ಯಾವುದು ಗಟ್ಟಿಯಾಗುತ್ತದೆಯೋ ಅದೇ ತೀರ್ಪು. ಎರಡನೆಯ ಸಲ ಹೋಗಬೇಕಾಗಿದ್ದಾಗ ತಂಬಾಕಿನ ಕುಡಿ ಮುರಿಯುವ ಕೆಲಸವಿದೆ ಎಂದು ಫೋನು ಮಾಡಿಸಿ ಮುಂದೂಡಿದೆ.

ಮಿಸರಿ ಎಡಕ್ಕೆ ಹೋಗಬಾರದೆಂದು ತಲೆಯನ್ನು ಬಲಕ್ಕೆ ವಾಲಿಸಿ ಕೂರುತ್ತಿದ್ದೆ. ನೆಗೆಣ್ಣಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಕುತಗಿ ಹಿಡಕೊಂಡೈತೇನಬೇ ಅಕ್ಕಾ? ಎಮ್ಮಿ ಮೆಲಕ ಹಾಕಿದಂಗ ಕಾಣತಿ.”

ದಿನಾ ಮುಂಜಾನೆ ಕಿಟಕಿಯ ಹತ್ತಿರ ನಿಂತು ಸಣ್ಣ ಕನ್ನಡಿಯಲ್ಲಿ ನೋಡುವುದು ರೂಢಿಯಾಯಿತು. ಮೊದಮೊದಲು ಎಡಗಡೆ ಬ್ರಶ್ಶಿಗೆ ಕೆಂಪು ಹತ್ತುತ್ತಿತ್ತು. ಬರಬರುತ್ತ ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ವಸಡು ಉಬ್ಬಿದ್ದು ಇಳಿದು ಹಲ್ಲಿಗೆ ಅಂಟಿಕೊಂಡಂತೆ ಕಂಡಿತು. ಬಲಗಡೆ ಏನೂ ಬದಲಾಗಲಿಲ್ಲ. ರಕ್ತವಿಲ್ಲ, ನೋವಿಲ್ಲ, ಆದರೆ ಹಲ್ಲು ನಾಲಿಗೆ ತಾಗಿದರೆ ಸಾಕು, ಬಾಗುತ್ತಿತ್ತು. ರಕ್ತ ಬಂದ ಕಡೆ ಗಟ್ಟಿ, ಬಾರದ ಕಡೆ ಸಡಿಲ. ಇದು ಹೇಗೆ ಎಂಬುದು ನನ್ನ ತಲೆ ತಿನ್ನತೊಡಗಿತು. ಕೊನೆಗೆ ಕೇಳಲಿಕ್ಕೆಂದೇ ದವಾಖಾನೆಗೆ ಹೋದೆ ಎಂದರೂ ನಡೆದೀತು. ನೆಗೆಣ್ಣಿಯೂ ಬಂದಳು.

ಡಾಕ್ಟರು ಅಳತೆಯ ಕಡ್ಡಿ ಇಳಿಸಿ ನೋಡಿದಳು. “ಈ ಕಡೆ ಚಲೋ ಆಗೇತ್ರಿ ಆಯಿ. ಆ ಕಡೆ ಯಾಕ ಇಷ್ಟ ಕರ್ರಗ ಐತಿ?”

ತಡವರಿಸಿ ಹೇಳಿದೆ. “ಈ ಕಡೆ ಬಿಟ್ಟೇನ್ರಿ. ಆ ಕಡೆ ಹಚ್ಚೇನಿ. ಯಾವುದು ಖರೆ ನೋಡೂಣಂತ.”

ಅವಳು ಮಾಸ್ಕ್ ಕೆಳಗೆ ಎಳೆದು ನನ್ನ ಮುಖ ನೋಡಿದಳು, ಆಮೇಲೆ ಜೋರಾಗಿ ನಕ್ಕಳು. “ಉಗುಳಿಗೇನ ಗಡಿ ಐತೇನ್ರಿ, ಇದು ಕರ್ನಾಟಕ ಅದು ಮಹಾರಾಷ್ಟ್ರ ಅನ್ನಾಕ? ಎರಡೂ ಕಡೆ ಹೋಗೇ ಹೋಗತೈತಿ.”

ನೆಗೆಣ್ಣಿ ನಗಲಿಕ್ಕೆ ಕಾಯುತ್ತಿದ್ದವಳಂತೆ ಅವಳ ಜೊತೆ ಸೇರಿದಳು. ನಾನು ಕೇಳಬೇಕಾದದ್ದನ್ನು ಕೇಳಿದೆ. “ಮಿಸರಿ ಕಡೆ ರಕ್ತ ಯಾಕ ಬರಲಿಲ್ರಿ?”

ಅವಳ ನಗು ನಿಂತಿತು. ತಂಬಾಕು ವಸಡಿನ ರಕ್ತನಾಳಗಳನ್ನು ಬಿಗಿ ಮಾಡುತ್ತದಂತೆ. ಬೇನೆ ಇದ್ದರೂ ರಕ್ತ ಹೊರಗೆ ಬರುವುದಿಲ್ಲ, ಬೇನೆ ಒಳಗೇ ಬೆಳೆಯುತ್ತದೆ. ಅದಕ್ಕೇ ಮಿಸರಿ ಹಚ್ಚುವವರು ತಡವಾಗಿ ಬರುತ್ತಾರೆ ಎಂದಳು. ಆಮೇಲೆ ಇನ್ನೊಂದು ಮಾತು ಸೇರಿಸಿದಳು.

“ಮತ್ತ ಆಯಿ, ನಿಮ್ಮ ಪರೀಕ್ಷಾನೂ ಸರಿ ಇಲ್ರಿ. ಎಡಗಡೆ ನಾ ಕಲ್ಲ ತಗದೇನಿ, ಬಲಗಡೆ ತಗದಿಲ್ಲ. ಮಿಸರಿ ಬಿಟ್ಟದ್ದಕ್ಕ ಗಟ್ಟಿ ಆತೋ, ಕಲ್ಲ ತಗದದ್ದಕ್ಕ ಆತೋ, ಹೆಂಗ ತಿಳಿಬೇಕ?”

ಅದು ನನಗೆ ಹೊಳೆದಿರಲೇ ಇಲ್ಲ! ಒಂದೇ ಪಟ್ಟಿಗೆ ಹೊಸ ಬೀಜವನ್ನೂ ಹಾಕಿ ಹೊಸ ಗೊಬ್ಬರವನ್ನೂ ಹಾಕಿ, ಬೀಜದ ಗುಣ ಇದು ಎಂದು ಹೇಳಿದಂತಾಗಿತ್ತು. ಎರಡೂ ಬೇಕು ಎಂದಳು ಡಾಕ್ಟರು. ಅಂದೇ ಬಲಗಡೆಯನ್ನೂ ಸ್ವಚ್ಛ ಮಾಡಿಸಿಕೊಂಡೆ. ಮಿಸರಿಯನ್ನು ಪೂರ್ತಿ ಬಿಟ್ಟೆ. ಬಿಟ್ಟೆ ಎಂದು ಬರೆಯುವುದು ಸುಲಭ. ಮುಂಜಾನೆ ಬೆರಳು ತಾನಾಗಿ ಬಾಯಿಗೆ ಹೋಗುತ್ತಿತ್ತು, ತಲೆ ಭಾರವಾಗುತ್ತಿತ್ತು, ನಿಮ್ಮ ಮೇಲೆಲ್ಲ ಸುಮ್ಮಸುಮ್ಮನೆ ಸಿಡುಕುತ್ತಿದ್ದೆ. ನೆನಪಿರಬೇಕು ನಿಮಗೆ. ಈಗ ಬಲಗಡೆಯೂ ರಕ್ತ ಬಂತು. ಈ ಸಲ ಹೆದರಲಿಲ್ಲ, ಯಾವಾಗ ನಿಲ್ಲುತ್ತದೆ ನೋಡೋಣ ಎಂದು ಕಾದೆ. ನಿಂತಿತು.

ವಸಡು ಕೂಡಿಕೊಳ್ಳಲು ಬೇಕಾದ ದಿನಗಳು ಕಳೆದ ಮೇಲೆ ಮತ್ತೆ ಹೋದೆವು. ಡಾಕ್ಟರು ಎರಡೂ ಹಲ್ಲುಗಳನ್ನು ಒಂದೊಂದಾಗಿ ಹಿಡಿದು ಅಲುಗಿಸಿದಳು. ಎಡಗಡೆಯದು ತುಸುವೇ ಕದಲಿತು. ಬಲಗಡೆಯದು ಅವಳ ಬೆರಳಿನ ಜೊತೆಗೇ ಮೇಲೆ ಕೆಳಗೆ ಆಡಿತು.

“ಇದು ಉಳಿಯೂದಿಲ್ರಿ ಆಯಿ.”

“ನಾ ಲಗೂನ ಬಂದಿದ್ರ ಉಳೀತಿತ್ತೇನ್ರಿ?”

“ಹೇಳಾಕ ಬರೂದಿಲ್ಲ. ಮೊದಲಿನ ಎಕ್ಸ್‌ರೇದಾಗ ಇದರ ಎಲುಬು ಭಾಳ ಇಳದಿತ್ತು.”

ತೆಗೆಯಿರಿ ಎಂದೆ. ತೆಗೆದ ಮೇಲೆ ಹತ್ತಿ ಕಚ್ಚಿಕೊಂಡೇ ಕೈ ಚಾಚಿದೆ. ಹಲ್ಲು ಅಷ್ಟು ಉದ್ದವಿರುತ್ತದೆ ಎಂದು ನಿಮಗೆ ಗೊತ್ತೇ? ಹೊರಗೆ ಕಾಣುವುದು ಸ್ವಲ್ಪ, ಒಳಗಿರುವುದೇ ಹೆಚ್ಚು. ಡಾಕ್ಟರು ಕೆರೆದ ಜಾಗ ನುಣುಪಾಗಿತ್ತು. ಅದರ ಕೆಳಗೆ, ಬೇರಿನ ತುದಿಯ ಹತ್ತಿರ, ಒಂದು ಕಪ್ಪು ಕಣ ಇನ್ನೂ ಅಂಟಿಕೊಂಡಿತ್ತು. “ಇಲ್ಲಿತನಕ ನನ್ನ ಕೈ ಮುಟ್ಟಲಿಲ್ಲ ನೋಡ್ರಿ” ಎಂದಳು ಅವಳು. ನೆಗೆಣ್ಣಿ ಅದನ್ನು ನನ್ನ ಕೈಯಿಂದ ಇಸಿದುಕೊಂಡು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

“ನಂದು ಅಳ್ಳಾಡೂದಿಲ್ಲ ಬಿಡ್ರಿ” ಎಂದಳು ಕಡೆಗೆ, ಯಾರೂ ಕೇಳದಿದ್ದರೂ.

ಖಾಲಿಯಾದ ಜಾಗಕ್ಕೆ ಕಟ್ಟಿಸಿದ ಹಲ್ಲು ಕೂರಿಸಬಹುದು ಎಂದು ಡಾಕ್ಟರು ಹೇಳಿದಳು. ಹತ್ತಿ ತೆಗೆದು ನಾನು ಉತ್ತರ ಕೊಟ್ಟೆ.

“ಈಗ ಬ್ಯಾಡ್ರಿ. ಪಕ್ಕದ್ದು ತಾನ ನಿಂದರತೈತೇನ, ಸ್ವಲ್ಪ ದಿನ ನೋಡ್ತೇನಿ.”